ಕಡಲ ಬಸವನಹುಳುವಿಗೆ ಹೊಸ ಕುಲ ಕಟ್ಟುವ ಬಗೆ, ಹೆಸರಿಡುವ ಬಗೆ

ಹುಬ್ಬಳ್ಳಿಯಿಂದ ಕಾರವಾರಕ್ಕೆ 160 ಕಿಲೋಮೀಟರಿಗೂ ಮಿಕ್ಕ ದಾರಿ, ನಡುವೆ ಯಲ್ಲಾಪುರದ ಕಾಡು, ಅರಬೈಲು ಘಟ್ಟ. ಹಾಗಿದ್ದರೂ ಕಡಲ ಬಸವನಹುಳು ನಮ್ಮ ಸೀಮೆಗೆ ಹೊರಗಿನದೇನಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಜೋಗತಿಯ ಕೊರಳಿನ ಕವಡೆ ಸರ, ಚೌಕಾಬಾರದ ಮನೆಯ ಮೇಲೆ ಉರುಳುವ ಕವಡೆ, ದಾಸಯ್ಯ ಊದುವ ಶಂಖ, ಇವೆಲ್ಲ ಒಂದು ಕಾಲಕ್ಕೆ ಉಪ್ಪುನೀರಿನಲ್ಲಿ ತೆವಳುತ್ತಿದ್ದ ಮೃದ್ವಂಗಿಗಳ ಮೈಗಾಪುಗಳೇ. ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಕಾರವಾರದ ಕೋಡಿಬಾಗದಲ್ಲಿ ಇರುವುದರಿಂದ ಧಾರವಾಡದ ಪ್ರಾಣಿಶಾಸ್ತ್ರದ ಮಕ್ಕಳು ಆ ದಂಡೆಗೆ ಹೋಗಿಬರುವುದೂ ಅಲ್ಲಿಂದ ಡಬ್ಬಿಗಟ್ಟಲೆ ಚಿಪ್ಪು ತರುವುದೂ ಇದ್ದದ್ದೇ. ಹಾಗೆ ತಂದ ಡಬ್ಬಿಯಿಂದ ಅಕ್ಕಿಕಾಳಿನಷ್ಟು ಚಿಪ್ಪೊಂದನ್ನು ಎತ್ತಿ ಹಿಡಿದು, ‘ಸರ್, ಇದು ಯಾವ ಪುಸ್ತಕದಾಗೂ ಸಿಗವಲ್ದರೀ, ಹೊಸಾ ಕುಲಾನ ಇರಬೇಕ್ರೀ’ ಎನ್ನುವ ವಿದ್ಯಾರ್ಥಿ ಎರಡು ಮೂರು ವರ್ಷಕ್ಕೊಮ್ಮೆಯಾದರೂ ನನ್ನ ಮೇಜಿನ ಮುಂದೆ ನಿಲ್ಲುತ್ತಾನೆ ಅಥವಾ ನಿಲ್ಲುತ್ತಾಳೆ. ಅವರಿಗೆ ಪ್ರತಿಸಲ ಬಾಯಲ್ಲಿ ಹೇಳುತ್ತ ಬಂದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಪದಗಳನ್ನು ಖಚಿತಮಾಡಿಕೊಳ್ಳೋಣ. ಜೀನಸ್ ಎಂಬುದನ್ನು ಕೆಲವು ಪಠ್ಯಗಳು ‘ಜಾತಿ’ ಎಂದೂ ಕೆಲವು ‘ಕುಲ’ ಎಂದೂ ಕರೆಯುತ್ತವೆ. ‘ಜಾತಿ’ ಎಂಬ ಪದಕ್ಕೆ ನಮ್ಮಲ್ಲಿ ಬೇರೆ ಭಾರವೇ ಇರುವುದರಿಂದ ನಾನು ‘ಕುಲ’ ಎಂದೇ ಬರೆಯುತ್ತೇನೆ. ಸ್ಪೀಶೀಸ್ ಎಂಬುದಕ್ಕೆ ‘ಪ್ರಭೇದ’ ಎಂಬ ಪದವಿದೆ. ಪ್ರಭೇದವೊಂದನ್ನು ಕೈಯಲ್ಲಿ ಹಿಡಿದು ತೋರಿಸಬಹುದು, ಏಕೆಂದರೆ ಅದರ ಹೆಸರು ಕೊನೆಗೆ ಒಂದು ಮಾದರಿ ಚಿಪ್ಪಿಗೆ ಕಟ್ಟಿರುತ್ತದೆ. ಕುಲವನ್ನು ಹಾಗೆ ಹಿಡಿದು ತೋರಿಸಲು ಬರುವುದಿಲ್ಲ. ‘ಇಷ್ಟು ಪ್ರಭೇದಗಳು ಒಂದೇ ಮೂಲದಿಂದ ಕವಲೊಡೆದವು, ಪಕ್ಕದ ಗುಂಪಿಗಿಂತ ಇವು ತಮ್ಮತಮ್ಮೊಳಗೇ ಹತ್ತಿರದ ನಂಟರು’ ಎಂದು ನೀವು ಹೂಡುವ ವಾದವೇ ಕುಲ. ಹೊಸ ಕುಲ ‘ಸಿಕ್ಕಿತು’ ಎನ್ನುವ ಮಾತನ್ನು ಆದ್ದರಿಂದ ನಾನು ಒಪ್ಪುವುದಿಲ್ಲ. ಕುಲ ದಂಡೆಯ ಮೇಲೆ ಸಿಗುವುದಿಲ್ಲ, ಹೋಲಿಕೆಯಿಂದ ಕಟ್ಟಬೇಕಾಗುತ್ತದೆ. ಕೆಲವೊಮ್ಮೆ ಹೊಸ ಪ್ರಭೇದ ಒಂದೂ ಇಲ್ಲದೆ, ನೂರು ವರ್ಷದ ಹಿಂದೆಯೇ ಹೆಸರಿಟ್ಟು ತಪ್ಪು ಕುಲದಲ್ಲಿ ಕೂರಿಸಿದ್ದ ಹಳೆಯ ಪ್ರಭೇದವನ್ನೇ ಎತ್ತಿಕೊಂಡು ಹೊಸ ಕುಲ ಕಟ್ಟಬಹುದು.

ಕವಡೆಯ ಕಥೆಯನ್ನೇ ನೋಡಿ. ಸ್ವೀಡನ್ನಿನ ನಿಸರ್ಗತಜ್ಞ ಲಿನೇಯಸ್ 1758ರಲ್ಲಿ ಪ್ರಾಣಿಗಳಿಗೆ ಎರಡು ಪದದ ಹೆಸರುಗಳನ್ನು ಕೊಟ್ಟಾಗ ಕವಡೆಗಳನ್ನೆಲ್ಲ ಸಿಪ್ರಿಯಾ ಎಂಬ ಒಂದೇ ಕುಲದಲ್ಲಿ ಇರಿಸಿದ. ಅಂಗೈ ತುಂಬುವ ಚುಕ್ಕೆಚುಕ್ಕೆಯ ಹುಲಿಗವಡೆ ಸಿಪ್ರಿಯಾ ಟೈಗ್ರಿಸ್ ಆಯಿತು. ನಾಣ್ಯವಾಗಿ ಚಲಾವಣೆಯಲ್ಲಿದ್ದ, ಇಂದಿಗೂ ನಮ್ಮ ಚೌಕಾಬಾರದಲ್ಲಿ ಉರುಳುವ ಸಣ್ಣ ಹಳದಿ ಕವಡೆ ಸಿಪ್ರಿಯಾ ಮೊನೆಟಾ ಆಯಿತು. ಮುಂದೆ ಕುಲ ಒಡೆಯಿತು. ಸಿಪ್ರಿಯಾದ ಮಾದರಿ ಪ್ರಭೇದ, ಎಂದರೆ ಆ ಕುಲದ ಹೆಸರನ್ನು ಕಟ್ಟಿಹಾಕಿರುವ ಪ್ರಭೇದ, ಹುಲಿಗವಡೆ ಆದ್ದರಿಂದ ಆ ಹೆಸರು ಹುಲಿಗವಡೆಯ ಜೊತೆಗೇ ಉಳಿಯಿತು, ಆಟದ ಕವಡೆ 1863ರಲ್ಲಿ ಟ್ರೋಶೆಲ್ ಎಂಬ ಪ್ರಾಣಿಶಾಸ್ತ್ರಜ್ಞ ಮಾಡಿದ ಮೊನೆಟೇರಿಯಾ ಕುಲಕ್ಕೆ ಹೋಯಿತು. ಇಂದು ಅದನ್ನು ಮೊನೆಟೇರಿಯಾ ಮೊನೆಟಾ (ಲಿನೇಯಸ್, 1758) ಎಂದು ಬರೆಯುತ್ತಾರೆ. ಆ ಕಂಸ ಅಲಂಕಾರಕ್ಕೆ ಹಾಕಿದ್ದಲ್ಲ. ಪ್ರಭೇದಕ್ಕೆ ಹೆಸರಿಟ್ಟವನು ಅದನ್ನು ಮೊದಲು ಬೇರೊಂದು ಕುಲದಲ್ಲಿ ಇರಿಸಿದ್ದ ಎಂಬುದರ ಗುರುತು ಅದು. ನಿಮ್ಮ ಹೊಸ ಕುಲಕ್ಕೆ ಹಳೆಯ ಪ್ರಭೇದಗಳನ್ನು ತರುವಾಗ ಆ ಕಂಸ ಬಿಟ್ಟುಹೋದರೆ ಪರೀಕ್ಷಕರು ಮೊದಲು ಗಮನಿಸುವುದು ಅದನ್ನೇ.

ಹೊಸ ಕುಲ ನಿಜವಾಗಿಯೂ ಬೇಕೇ ಎಂಬ ಪ್ರಶ್ನೆಯನ್ನು ಕೆಲಸ ಆರಂಭಿಸುವ ಮುನ್ನವೇ ಕೇಳಿಕೊಳ್ಳಿ, ಮುಗಿದ ಮೇಲೆ ಮತ್ತೊಮ್ಮೆ ಕೇಳಿಕೊಳ್ಳಿ. ವಿಷದ ಈಟಿ ಚುಚ್ಚಿ ಬೇಟೆ ಹಿಡಿಯುವ ಕೋನಸ್ ಶಂಖಗಳ ವಿಷಯದಲ್ಲಿ ನಡೆದದ್ದನ್ನು ನಾನು ತರಗತಿಯಲ್ಲಿ ಹೇಳುತ್ತಿರುತ್ತೇನೆ. 2009ರಲ್ಲಿ ಇಬ್ಬರು ತಜ್ಞರು ಚಿಪ್ಪು ಮತ್ತು ಹಲ್ಲಿನ ಲಕ್ಷಣಗಳನ್ನು ನೋಡಿ ಕೋನಸ್ ಎಂಬ ದೊಡ್ಡ ಕುಲವನ್ನು ಹತ್ತಾರು ಕುಲಗಳಾಗಿ ಒಡೆದರು. ಐದಾರು ವರ್ಷಗಳಲ್ಲೇ ಡಿಎನ್ಎ ಆಧಾರದ ವಂಶವೃಕ್ಷ ಕಟ್ಟಿದ ಮತ್ತೊಂದು ತಂಡ ನಾಲ್ಕೇ ಕುಲಗಳನ್ನು ಉಳಿಸಿಕೊಂಡು, ಉಳಿದ ಹೆಸರುಗಳಲ್ಲಿ ಬಹುಪಾಲನ್ನು ಉಪಕುಲದ ಮಟ್ಟಕ್ಕೆ ಇಳಿಸಿತು. ಯಾರು ಸರಿ ಎನ್ನುವುದು ಇಲ್ಲಿ ಮುಖ್ಯವಲ್ಲ. ಚಿಪ್ಪು ಬೇರೆಯಾಗಿ ಕಾಣುತ್ತದೆ ಎಂಬುದಷ್ಟೇ ಕುಲಕ್ಕೆ ಸಾಲದು. ನೀವು ಬೇರ್ಪಡಿಸುವ ಗುಂಪು ಒಂದೇ ಪೂರ್ವಜನ ಸಂತಾನವಾಗಿರಬೇಕು, ಮತ್ತು ಅದನ್ನು ಕಿತ್ತು ತೆಗೆದ ಮೇಲೆ ಹಿಂದೆ ಉಳಿಯುವ ಹಳೆಯ ಕುಲ ಚೂರಾಗಬಾರದು. ಈ ಎರಡನೆಯ ಮಾತನ್ನು ಹೊಸಬರು ಮರೆಯುತ್ತಾರೆ: ತಮ್ಮನಿಗೆ ಪಾಲು ಕೊಡುವ ಭರದಲ್ಲಿ ಅಣ್ಣಂದಿರ ಹೊಲಕ್ಕೆ ದಾರಿಯೇ ಇಲ್ಲದಂತೆ ಮಾಡಿದ ವಾಟ್ನಿಯ ಹಾಗೆ ಅವರ ವರ್ಗೀಕರಣ ಆಗಿಬಿಡುತ್ತದೆ.

ಮಾದರಿ ಕೂಡಿಸುವ ವಿಷಯದಲ್ಲಿ ದಂಡೆಗೆ ತೇಲಿಬಂದ ಖಾಲಿ ಚಿಪ್ಪನ್ನು ನೆಚ್ಚಿಕೊಳ್ಳಬೇಡಿ. ಅದು ಎಲ್ಲಿ ಬದುಕಿತ್ತೋ ತಿಳಿಯದು, ಒಳಗಿನ ಪ್ರಾಣಿ ಇಲ್ಲ, ಅಲೆಗೆ ಉಜ್ಜಿ ತುದಿಯ ಸುತ್ತುಗಳು ಸವೆದಿರುತ್ತವೆ. ಇಳಿತದ ಹೊತ್ತಿಗೆ ಬಂಡೆಯ ಸಂದಿಗಳಲ್ಲಿ, ಪಾಚಿಯ ಬುಡದಲ್ಲಿ, ಕಲ್ಲಿನ ಅಡಿಯಲ್ಲಿ ಜೀವಂತ ಹುಳುಗಳನ್ನೇ ಹುಡುಕಿ, ಮಗುಚಿದ ಕಲ್ಲನ್ನು ಮೊದಲಿದ್ದ ಹಾಗೆಯೇ ಇಡಿ. ಕೆಲವು ದೊಡ್ಡ ಶಂಖಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಯಲ್ಲಿ ಇವೆ, ಅವನ್ನು ಮುಟ್ಟುವ ಹಾಗಿಲ್ಲ; ಬೇರೆಯವಕ್ಕೂ ಎಲ್ಲಿ ಯಾರ ಅನುಮತಿ ಬೇಕೆಂಬುದನ್ನು ಮೊದಲೇ ಕೇಳಿಕೊಂಡು ಬರಹದಲ್ಲಿ ಪಡೆಯಿರಿ. ತಾರೀಖು, ಅಕ್ಷಾಂಶ ರೇಖಾಂಶ, ಆಳ, ಯಾವುದರ ಮೇಲೆ ಕುಳಿತಿತ್ತು, ಮೈಯ ಬಣ್ಣ ಹೇಗಿತ್ತು ಎಂಬುದನ್ನು ಅಲ್ಲಿಯೇ ಪೆನ್ಸಿಲಿನಲ್ಲಿ ಬರೆದುಕೊಳ್ಳಬೇಕು. ಮೈಯ ಬಣ್ಣ ಮದ್ಯಸಾರದಲ್ಲಿ ಒಂದೆರಡು ದಿನಕ್ಕೇ ಮಾಸಿಹೋಗುತ್ತದೆ. ಬಾಲ್ಪೆನ್ನಿನ ಶಾಯಿಯೂ ಹಾಗೆಯೇ.

ಇಲ್ಲಿ ನನ್ನದೊಂದು ಪೆಟ್ಟನ್ನು ಹೇಳಿಕೊಳ್ಳಬೇಕು. ಎಳೆಯ ಮೇಷ್ಟರಾಗಿದ್ದಾಗ, ಕಪ್ಪೆ, ಮೀನುಗಳನ್ನು ಇಡುತ್ತಿದ್ದ ಫಾರ್ಮಲಿನ್ನಿಗೇ ಒಂದು ಇಡೀ ಪ್ರವಾಸದ ಬಸವನಹುಳುಗಳನ್ನು ಹಾಕಿ ಬೀರುವಿನಲ್ಲಿಟ್ಟು ಬೇಸಿಗೆ ರಜೆಗೆ ಹೋದೆ. ಫಾರ್ಮಲಿನ್ ಹಳತಾದಂತೆ ಅದರಲ್ಲಿ ಫಾರ್ಮಿಕ್ ಆಮ್ಲ ಹುಟ್ಟುತ್ತದೆ, ಚಿಪ್ಪು ಎಂದರೆ ಸುಣ್ಣ. ಜೂನಿನಲ್ಲಿ ಡಬ್ಬಿ ತೆರೆದರೆ ಚಿಪ್ಪುಗಳ ಮೇಲಿನ ನವಿರಾದ ಗೆರೆಗಳೆಲ್ಲ ಕರಗಿ, ನೆಂದ ಸೀಮೆಸುಣ್ಣದ ತುಂಡುಗಳಂತೆ ಕುಳಿತಿದ್ದವು. ಮೈಯ ಭಾಗದಿಂದ ಡಿಎನ್ಎ ತೆಗೆಯುವ ಆಸೆಯೂ ಅಲ್ಲಿಗೇ ಮುಗಿಯಿತು. ಆದ್ದರಿಂದ 95ರಿಂದ 99 ಶೇಕಡಾ ಎಥನಾಲನ್ನೇ ಬಳಸಿ. ಅದಕ್ಕೆ ಅಬಕಾರಿ ನಿಯಮಗಳಿರುವುದರಿಂದ ಕಾಲೇಜಿನ ಮೂಲಕ ಮುಂಚೆಯೇ ತರಿಸಿಟ್ಟುಕೊಳ್ಳಿ. ಹುಳು ಒಳಗೆ ಸೇರಿ ಮುಚ್ಚಳ ಬಿಗಿದುಕೊಂಡರೆ ಎಥನಾಲು ಒಳಕ್ಕೆ ಇಳಿಯುವುದಿಲ್ಲ, ಮೈ ಒಳಗೇ ಕೊಳೆಯುತ್ತದೆ. ಮೆಗ್ನೀಸಿಯಂ ಕ್ಲೋರೈಡಿನ ದ್ರಾವಣದಲ್ಲಿ ಮೊದಲು ಮಂಪರು ಬರಿಸಿ ಮೈ ಹೊರಚಾಚಿದಾಗ ಎಥನಾಲಿಗೆ ಹಾಕುವುದು ಒಂದು ದಾರಿ. ಮೈಕ್ರೋವೇವ್ ಒಲೆಯಲ್ಲಿ ಕೆಲವೇ ಸೆಕೆಂಡು ಇಟ್ಟು ಮೈಯನ್ನು ಚಿಪ್ಪಿನಿಂದ ಬಿಡಿಸಿಕೊಳ್ಳುವುದು ಇನ್ನೊಂದು ದಾರಿ. ಒಣ ಚಿಪ್ಪುಗಳನ್ನು ಹೊಸ ಮರದ ಬೀರುವಿನಲ್ಲಿಯೂ ಇಡಬಾರದು. ಮರದಿಂದ ಹೊರಡುವ ಅಸಿಟಿಕ್ ಆಮ್ಲದ ಹವೆ ತೇವದೊಂದಿಗೆ ಸೇರಿ ಚಿಪ್ಪಿನ ಮೇಲೆ ಬಿಳಿಯ ಉಪ್ಪು ಹೂವಿನಂತೆ ಅರಳುತ್ತದೆ, ಸಂಗ್ರಹಾಲಯದವರು ಇದನ್ನು ಬೈನ್ ರೋಗ ಎನ್ನುತ್ತಾರೆ. ಇದು ರೋಗವೇ ಅಲ್ಲ, ಆದರೆ ಚಿಪ್ಪಿನ ಪಾಲಿಗೆ ಫಲ ಮಾತ್ರ ಅದೇ.

ಚಿಪ್ಪನ್ನು ಓದುವಾಗ ತುದಿ ಮೇಲೆ, ಬಾಯಿ ನಿಮ್ಮ ಕಡೆ ಬರುವಂತೆ ಹಿಡಿಯಿರಿ. ಹಾಗೆ ಹಿಡಿದಾಗ ಬಾಯಿ ಬಲಗಡೆ ಬಂದರೆ ಅದು ಬಲಸುತ್ತಿನ ಚಿಪ್ಪು, ಕಡಲ ಬಸವನಹುಳುಗಳಲ್ಲಿ ಬಹುಪಾಲು ಹೀಗೆಯೇ. ನಮ್ಮವರಿಗೆ ಇಲ್ಲೊಂದು ಗೊಂದಲ ಕಾದಿರುತ್ತದೆ. ದೇವರ ಮನೆಯಲ್ಲಿ ಅಪರೂಪವೆಂದು ಪೂಜಿಸುವ ‘ಬಲಮುರಿ ಶಂಖ’ ವಿಜ್ಞಾನದ ಲೆಕ್ಕದಲ್ಲಿ ಎಡಸುತ್ತಿನದು, ಏಕೆಂದರೆ ನಮ್ಮ ಸಂಪ್ರದಾಯ ಶಂಖವನ್ನು ತಲೆಕೆಳಗಾಗಿ, ಕೊಳವೆಯ ತುದಿ ಮೇಲಾಗಿ ಹಿಡಿದು ನೋಡುತ್ತದೆ. ಎರಡೂ ಲೆಕ್ಕ ತಮ್ಮತಮ್ಮಲ್ಲಿ ಸರಿಯೇ, ಪ್ರಬಂಧದಲ್ಲಿ ಮಾತ್ರ ಒಂದನ್ನೇ ಬಳಸಬೇಕು. ಒಂದೇ ಪ್ರಭೇದದಲ್ಲಿ ಲಕ್ಷಕ್ಕೊಂದು ತಿರುಗುಮುರುಗಾಗಿ ಹುಟ್ಟುವುದು ಉಂಟಾದ್ದರಿಂದ, ಎಡಸುತ್ತಿನ ಚಿಪ್ಪೊಂದು ಸಿಕ್ಕಿತೆಂದು ಅದಕ್ಕೆ ಕುಲ ಕಟ್ಟಲು ಹೊರಡಬೇಡಿ.

ತುದಿಯ ಮೊದಲ ಕೆಲವು ಸುತ್ತು ಮರಿಹುಳುವಿನ ಕಾಲದ್ದು, ಉಳಿದದ್ದು ಬೆಳೆದ ಮೇಲಿನದು. ಎರಡರ ನಡುವಿನ ಗಡಿ ಮಸೂರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮರಿ ಬಹುಕಾಲ ಕಡಲಲ್ಲಿ ತೇಲಿ ಪಾಚಿ ತಿಂದು ಬೆಳೆಯುವ ಬಗೆಯದಾದರೆ ಈ ತುದಿಯಲ್ಲಿ ಹಲವು ಕಿರಿದಾದ ಸುತ್ತುಗಳಿರುತ್ತವೆ, ಮೊಟ್ಟೆಯ ಹಳದಿಯನ್ನೇ ಉಂಡು ಬೇಗ ನೆಲ ಹಿಡಿಯುವ ಬಗೆಯದಾದರೆ ಒಂದೆರಡೇ ಗುಂಡಾದ ದಪ್ಪ ಸುತ್ತು ಇರುತ್ತದೆ. ಹಿಂದಿನವರು ಈ ವ್ಯತ್ಯಾಸ ಒಂದನ್ನೇ ಹಿಡಿದು ಎಷ್ಟೋ ಕುಲಗಳನ್ನು ಕಟ್ಟಿದರು. ಆದರೆ ತೇಲುವ ಮರಿಯ ಬಾಳನ್ನು ಕಳೆದುಕೊಳ್ಳುವುದು ಬೇರೆಬೇರೆ ವಂಶಗಳಲ್ಲಿ ಮತ್ತೆಮತ್ತೆ ಆಗಿರುವುದರಿಂದ, ಉಳಿದೆಲ್ಲ ಒಂದೇ ಇದ್ದು ಇದೊಂದು ಬೇರೆಯಾದರೆ ಅದು ಕುಲದ ಗುರುತಾಗದು. ತುದಿಯ ಸುತ್ತನ್ನು ಪ್ರಭೇದ ಹೇಳಲು ಬಳಸಿ, ಕುಲದ ತೂಕವನ್ನು ಅದರ ಮೇಲೆ ಹೊರಿಸಬೇಡಿ. ಬಾಯಿಯ ಆಕಾರ, ಹೊರತುಟಿಯ ಒಳಗಿನ ಹಲ್ಲುಗಳು, ಸುತ್ತುಗಳ ನಡುವೆ ನಿಂತ ನಡುಗಂಬದ ಮೇಲಿನ ಮಡಿಕೆಗಳು, ಕೊಳವೆಯ ಉದ್ದ, ಚಿಪ್ಪಿನ ಬುಡದ ಕುಳಿಯಾದ ಹೊಕ್ಕುಳು ತೆರೆದಿದೆಯೋ ಮುಚ್ಚಿದೆಯೋ, ಮುಚ್ಚಳ ಸುಣ್ಣದ್ದೋ ಕೊಂಬಿನಂಥದ್ದೋ, ಇವನ್ನೆಲ್ಲ ಒಂದು ಚಿಪ್ಪಿನಲ್ಲಲ್ಲ, ಸಿಕ್ಕಷ್ಟೂ ಚಿಪ್ಪುಗಳಲ್ಲಿ ನೋಡಿ ಅಳೆದು ಬರೆದುಕೊಳ್ಳಿ.

ನನ್ನ ಮಟ್ಟಿಗೆ ಕುಲದ ಮಾತಿನಲ್ಲಿ ಚಿಪ್ಪಿಗಿಂತ ಹೆಚ್ಚು ನಂಬಬೇಕಾದದ್ದು ರಾಡುಲಾ, ಎಂದರೆ ಬಾಯೊಳಗಿನ ಹಲ್ಲಿನ ಪಟ್ಟಿ. ಕವಡೆಯ ರಾಡುಲಾದಲ್ಲಿ ಸಾಲಿಗೆ ಏಳು ಹಲ್ಲು: ನಡುವೆ ಒಂದು, ಅದರ ಎರಡೂ ಬದಿಗೆ ಮೂರು ಮೂರು. ಪೂಜೆಯ ಶಂಖದ್ದರಲ್ಲಿ ಸಾಲಿಗೆ ಮೂರೇ. ಕೋನಸ್ ಶಂಖದಲ್ಲಿ ಸಾಲೇ ಇಲ್ಲ, ಟೊಳ್ಳಾದ ಈಟಿಗಳ ಬತ್ತಳಿಕೆ ಮಾತ್ರ. ಮೂರು ಮಿಲಿಮೀಟರಿನ ಹುಳುವಿನ ರಾಡುಲಾ ತೆಗೆಯುವ ಬಗೆ ಹೀಗಿದೆ. ಡಿಎನ್ಎಗಾಗಿ ಮೈಯನ್ನು ಪ್ರೋಟಿನೇಸ್ ಕೆ ಎಂಬ ಕಿಣ್ವದಲ್ಲಿ ಒಂದು ರಾತ್ರಿ 56 ಡಿಗ್ರಿಯ ಬಿಸಿಯಲ್ಲಿ ಕರಗಿಸುತ್ತೀರಲ್ಲ, ಬೆಳಗ್ಗೆ ಆ ನಳಿಕೆಯ ತಳದಲ್ಲಿ ಕರಗದೆ ಉಳಿದ ಕೂದಲೆಳೆಯ ತುಂಡಿನಂಥದ್ದೇ ರಾಡುಲಾ. ಒಂದೇ ಹುಳುವಿನಿಂದ ಎರಡೂ ಸಾಕ್ಷ್ಯ ಸಿಗುವುದರಿಂದ ನಾನು ಈ ದಾರಿಯನ್ನೇ ಮೆಚ್ಚುತ್ತೇನೆ. ಅದನ್ನು ಬಟ್ಟಿ ಇಳಿಸಿದ ನೀರಿನ ಹನಿಯಲ್ಲಿ ಎರಡು ಮೂರು ಸಲ ತೊಳೆದು, ಸೂಜಿಯ ಮೊನೆಯಿಂದ ಅಂಟಿದ ಚರ್ಮ ಬಿಡಿಸಿ, ಇಂಗಾಲದ ಅಂಟುಪಟ್ಟಿ ಹಚ್ಚಿದ ಲೋಹದ ಗುಂಡಿಯ ಮೇಲೆ ಹಲ್ಲು ಮೇಲ್ಮುಖವಾಗಿ ಹಾಸಬೇಕು. ಒಣಗುವಾಗ ಅದು ಚಾಪೆಯಂತೆ ಸುರುಳಿ ಸುತ್ತಿಕೊಳ್ಳಲು ನೋಡುತ್ತದೆ. ಅರೆತೇವ ಇರುವಾಗಲೇ ಎರಡು ಸೂಜಿಗಳಿಂದ ಬಿಡಿಸಿ ಹಿಡಿಯಬೇಕು, ಒಂದು ಕಡೆ ಹರಿದರೂ ಚಿಂತೆಯಿಲ್ಲ, ಹರಿದ ಅಂಚಿನಲ್ಲಿಯೇ ಬದಿಯ ಹಲ್ಲುಗಳ ಬುಡ ಚೆನ್ನಾಗಿ ಕಾಣುತ್ತದೆ. ಇಷ್ಟು ಮಾಡುವ ಮುನ್ನ ತಲೆಯ ಮೇಲಿನ ಫ್ಯಾನ್ ಬಂದ್ ಮಾಡಿರಿ. ಒಂದು ವಾರದ ಕೆಲಸ ಯಾರೋ ಫ್ಯಾನ್ ಹಾಕಿದ ಒಂದು ಕ್ಷಣದಲ್ಲಿ ಹಾರಿಹೋದದ್ದನ್ನು ನಾನು ಕಂಡಿದ್ದೇನೆ, ಮೂರು ಜನ ನೆಲದ ಮೇಲೆ ಮೊಣಕಾಲೂರಿ ಹುಡುಕಿದರೂ ಸಿಗಲಿಲ್ಲ. ಆಮೇಲೆ ಚಿನ್ನದ ತೆಳು ಲೇಪ ಕೊಡಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆಸಬೇಕು. ಗಂಟೆಯ ಲೆಕ್ಕದಲ್ಲಿ ಹಣ ಕಟ್ಟಬೇಕಾಗುವುದರಿಂದ ನಾಲ್ಕಾರು ಗುಂಡಿಗಳನ್ನು ಸಿದ್ಧಮಾಡಿಕೊಂಡೇ ಹೋಗಿ.

ಡಿಎನ್ಎ ಭಾಗವನ್ನು ಇಲ್ಲಿ ಉದ್ದ ಮಾಡುವುದಿಲ್ಲ, ಅದಕ್ಕೆ ಬೇಕಾದಷ್ಟು ಕೈಪಿಡಿಗಳಿವೆ. 1994ರಿಂದ ಎಲ್ಲರೂ ಬಳಸುತ್ತಿರುವ ಪ್ರೈಮರ್ ಜೋಡಿಯಿಂದ (ಡಿಎನ್ಎಯ ಬೇಕಾದ ಭಾಗವನ್ನಷ್ಟೇ ಹಿಡಿದು ನಕಲು ಮಾಡಿಸುವ ಕಿರುತುಣುಕುಗಳು) ಸಿಒಐ ಎಂಬ ವಂಶವಾಹಿಯ 658 ಅಕ್ಷರಗಳ ತುಣುಕು ಸಿಗುತ್ತದೆ. ಪ್ರಭೇದಗಳನ್ನು ಬೇರ್ಪಡಿಸಲು ಅದು ಒಳ್ಳೆಯದು, ಆದರೆ ಕುಲಗಳ ನಡುವಿನ ಹಳೆಯ ಕವಲುಗಳನ್ನು ಅದೊಂದರಿಂದ ಹೇಳಲಾಗದು. 16ಎಸ್, 28ಎಸ್ ಮುಂತಾದ ನಿಧಾನವಾಗಿ ಬದಲಾಗುವ ತುಣುಕುಗಳೂ ಬೇಕು. ವೃಕ್ಷದಲ್ಲಿ ಹತ್ತಿರದ ಕುಲಗಳ ಮಾದರಿ ಪ್ರಭೇದಗಳು ಇರಲೇಬೇಕು. ಅವಿಲ್ಲದ ವೃಕ್ಷ ಎಷ್ಟೇ ಚೆಂದ ಕಂಡರೂ, ಯಾವ ಕವಲಿಗೆ ಯಾವ ಹಳೆಯ ಹೆಸರು ಸಲ್ಲುತ್ತದೆ ಎಂಬುದನ್ನು ಹೇಳಲಾರದು.

ಕೆಲಸದ ಹೃದಯ ಇರುವುದು ಹಳೆಯ ಹೆಸರುಗಳನ್ನು ಹುಡುಕುವುದರಲ್ಲಿ. ಅರಬ್ಬೀ ಸಮುದ್ರದ ಸಣ್ಣ ಚಿಪ್ಪಿಗೆ ಹೆಸರಿಲ್ಲ ಎಂದು ಹೇಳುವ ಮೊದಲು ಚಿಪ್ಪುತಜ್ಞ ಜೇಮ್ಸ್ ಕಾಸ್ಮೋ ಮೆಲ್ವಿಲ್ ಅವರ ಬರಹಗಳನ್ನು ತಿರುವಿಹಾಕಲೇಬೇಕು. ಕ್ಯಾಪ್ಟನ್ ಟೌನ್ಸೆಂಡ್ ಎಂಬುವರು 1893ರಿಂದ 1900ರವರೆಗೆ ಪರ್ಶಿಯನ್ ಕೊಲ್ಲಿ, ಓಮನ್ ಕೊಲ್ಲಿ, ಅರಬ್ಬೀ ಸಮುದ್ರಗಳಲ್ಲಿ ಕೂಡಿಸಿದ ಚಿಪ್ಪುಗಳನ್ನು ಮೆಲ್ವಿಲ್ ಅವರು ಸ್ಟ್ಯಾಂಡನ್ ಅವರೊಡನೆ ಸೇರಿ ವಿವರಿಸಿದರು. ಮೆಲ್ವಿಲ್ ಅವರ ಮಾದರಿ ಚಿಪ್ಪುಗಳಲ್ಲಿ ಬಹಳಷ್ಟು ಈಗ ಲಂಡನ್ನಿನಲ್ಲಿಯೂ ವೇಲ್ಸಿನ ಕಾರ್ಡಿಫ್ ಸಂಗ್ರಹಾಲಯದಲ್ಲಿಯೂ ಇವೆ. ಕೋಲ್ಕತ್ತದ ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣಾಲಯದಲ್ಲಿಯೂ ಹಳೆಯ ಸಂಗ್ರಹವಿದೆ. ಹಳೆಯ ಪುಸ್ತಕಗಳು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಎಂಬ ಜಾಲತಾಣದಲ್ಲಿ ಪುಕ್ಕಟೆಯಾಗಿ ಓದಲು ಸಿಗುತ್ತವೆ. ಇಂದಿನ ಒಪ್ಪಿತ ಹೆಸರುಗಳಿಗೆ ಮೊಲಸ್ಕಾಬೇಸ್ ಎಂಬ ಜಾಲದ ಪಟ್ಟಿಯನ್ನು ನೋಡಿ. ಆದರೆ ಪಟ್ಟಿ ನೋಡಿ ಸುಮ್ಮನಾಗಬೇಡಿ. ಹತ್ತಿರದ ಪ್ರತಿಯೊಂದು ಕುಲದ ಮಾದರಿ ಪ್ರಭೇದ ಯಾವುದು, ಅದರ ಮಾದರಿ ಚಿಪ್ಪು ಎಲ್ಲಿದೆ, ಅದರ ಚಿತ್ರ ಸಿಗುತ್ತದೆಯೇ ಎಂಬ ಮೂರು ಕಾಲಂಗಳ ಕೋಷ್ಟಕವೊಂದನ್ನು ಬರೆದುಕೊಂಡು, ಒಂದೊಂದೇ ಸಾಲು ತುಂಬುತ್ತ ಹೋಗಿ. ಈ ಕೋಷ್ಟಕ ಪೂರ್ತಿಯಾಗುವಷ್ಟರಲ್ಲಿ ಹತ್ತರಲ್ಲಿ ಎಂಟು ‘ಹೊಸ ಕುಲ’ಗಳು ಹಳೆಯವೇ ಆಗಿಬಿಡುತ್ತವೆ ಎಂಬುದು ನನ್ನ ಮೇಜಿನ ಅನುಭವ. ಸಂಗ್ರಹಾಲಯಗಳಿಗೆ ಪತ್ರ ಬರೆದರೆ ಮಾದರಿಗಳ ಚಿತ್ರ ಕಳಿಸುತ್ತಾರೆ, ಉತ್ತರಕ್ಕೆ ತಿಂಗಳು ಕಾಯಬೇಕಾದೀತು. ಆ ತಿಂಗಳು ಕಾಯಿರಿ.

ಈಗ ಬರವಣಿಗೆ. ವಿವರಣೆ ಬೇರೆ, ವ್ಯತ್ಯಾಸ ನಿರೂಪಣೆ ಬೇರೆ. ವಿವರಣೆಯಲ್ಲಿ ಕಂಡದ್ದನ್ನೆಲ್ಲ ಹೇಳುತ್ತೀರಿ. ವ್ಯತ್ಯಾಸ ನಿರೂಪಣೆಯಲ್ಲಿ ಈ ಕುಲವನ್ನು ಹತ್ತಿರದ ಕುಲಗಳಿಂದ ಬೇರ್ಪಡಿಸುವುದನ್ನಷ್ಟೇ ಹೇಳುತ್ತೀರಿ. ಪ್ರಾಣಿಗಳ ಹೆಸರಿಡುವ ಅಂತರರಾಷ್ಟ್ರೀಯ ಸಂಹಿತೆಯ ಪ್ರಕಾರ 1930ರ ನಂತರದ ಯಾವ ಕುಲದ ಹೆಸರೂ ಇಂಥ ಬೇರ್ಪಡಿಸುವ ಮಾತಿಲ್ಲದೆ ನಿಲ್ಲುವುದಿಲ್ಲ. ‘ಚಿಪ್ಪು ಚಿಕ್ಕದು, ಕಂದುಬಣ್ಣದ್ದು, ನುಣುಪಾದದ್ದು’ ಎಂದು ಒಬ್ಬ ವಿದ್ಯಾರ್ಥಿ ಬರೆದು ತಂದಾಗ, ಇದು ಹುಣಸೆಬೀಜಕ್ಕೂ ಒಪ್ಪುತ್ತದೆಯಲ್ಲಪ್ಪಾ ಎಂದೆ. ಅದೇ ಹುಡುಗ ನಾಲ್ಕು ಸಲ ತಿದ್ದಿದ ಮೇಲೆ ಬರೆದದ್ದು ಹೀಗಿತ್ತು: ‘ಚಿಪ್ಪಿನ ಎತ್ತರ ಅಗಲದ ಎರಡರಷ್ಟು, ಕೊನೆಯ ಸುತ್ತಿನ ಮೇಲೆ ಸುರುಳಿ ಗೀರುಗಳಿದ್ದು ಉದ್ದ ಏಣುಗಳಿಲ್ಲ, ನಡುಗಂಬದ ಮೇಲೆ ಒಂದೇ ಮಡಿಕೆ ಇರುವುದರಿಂದ ಎರಡು ಮಡಿಕೆಗಳುಳ್ಳ ಪಕ್ಕದ ಕುಲದಿಂದಲೂ, ರಾಡುಲಾದ ನಡುಹಲ್ಲಿಗೆ ಐದು ಮೊನೆಗಳಿರುವುದರಿಂದ ಮೂರು ಮೊನೆಗಳುಳ್ಳ ಇನ್ನೊಂದು ಕುಲದಿಂದಲೂ ಬೇರೆಯಾಗುತ್ತದೆ.’ ಇಂಥ ವಾಕ್ಯವನ್ನು ಹಿಡಿದು ಬೇರೆ ಯಾರಾದರೂ ತಮ್ಮ ಕೈಯ ಚಿಪ್ಪನ್ನು ಪರೀಕ್ಷಿಸಬಹುದು. ವಿವರಣೆ ಇಂಥದೇ ಭಾಷೆಯಲ್ಲಿರಬೇಕೆಂಬ ಕಟ್ಟಳೆ ಪ್ರಾಣಿಗಳ ಸಂಹಿತೆಯಲ್ಲಿಲ್ಲ. ಕನ್ನಡದಲ್ಲಿ ಬರೆದರೂ ಹೆಸರು ನಿಲ್ಲುತ್ತದೆ, ಹೆಸರು ಮಾತ್ರ ಲ್ಯಾಟಿನ್ ಅಕ್ಷರಗಳಲ್ಲಿರಬೇಕು. ಲೋಕದ ತಜ್ಞರು ಓದಬಲ್ಲ ಭಾಷೆಯಲ್ಲಿ ವ್ಯತ್ಯಾಸ ನಿರೂಪಣೆ ಇರಲಿ ಎಂಬುದು ಅದರ ಶಿಫಾರಸು, ಮತ್ತು ಅದು ವಿವೇಕದ ಮಾತು. ಕನ್ನಡ ಸಾರಾಂಶವನ್ನು ಜೊತೆಗಿಡುವುದಕ್ಕೆ ಯಾರದೂ ಅಡ್ಡಿಯಿಲ್ಲ.

ಕುಲಕ್ಕೆ ಮಾದರಿ ಪ್ರಭೇದವನ್ನು ಹೆಸರಿಸಲೇಬೇಕು, ಇದೂ 1930ರ ನಂತರ ಕಡ್ಡಾಯ. ಮುಂದೆ ಯಾರಾದರೂ ನಿಮ್ಮ ಕುಲವನ್ನು ಒಡೆದರೆ, ನಿಮ್ಮ ಹೆಸರು ಆ ಮಾದರಿ ಪ್ರಭೇದದ ಹಿಂದೆಯೇ ಹೋಗುತ್ತದೆ, ಸಿಪ್ರಿಯಾ ಹುಲಿಗವಡೆಯ ಹಿಂದೆ ಹೋದ ಹಾಗೆ. ಆದ್ದರಿಂದ ತುಂಬ ಮಾದರಿಗಳು ಸಿಕ್ಕಿರುವ, ರಾಡುಲಾ ಡಿಎನ್ಎ ಎರಡೂ ತಿಳಿದಿರುವ, ಗುರುತು ಹಿಡಿಯಲು ಗೊಂದಲವಿಲ್ಲದ ಪ್ರಭೇದವನ್ನೇ ಆರಿಸಿ. ಒಂದೇ ಸವೆದ ಚಿಪ್ಪಿನಿಂದ ತಿಳಿದ ಪ್ರಭೇದದ ಮೇಲೆ ಮನೆ ಕಟ್ಟಬೇಡಿ. ಆ ಪ್ರಭೇದವೂ ಹೊಸದೇ ಆದರೆ ಅದಕ್ಕೊಂದು ಮುಖ್ಯ ಮಾದರಿ ಚಿಪ್ಪನ್ನು ಗೊತ್ತುಮಾಡಿ, ಅದು ಯಾವ ಸಂಗ್ರಹಾಲಯದಲ್ಲಿ ಇದೆ ಅಥವಾ ಇರಲಿದೆ ಎಂಬುದನ್ನು ಬರೆಯಬೇಕು. 2002ರ ಜೀವವೈವಿಧ್ಯ ಕಾಯ್ದೆಯ 39ನೆಯ ಕಲಮಿನಂತೆ ಹೊಸ ಜೀವಿಯನ್ನು ಕಂಡವರು ಗೊತ್ತುಪಡಿಸಿದ ಭಂಡಾರಕ್ಕೆ ತಿಳಿಸಿ ಮಾದರಿಯನ್ನು ಅಲ್ಲಿ ಒಪ್ಪಿಸತಕ್ಕದ್ದು. ಪ್ರಾಣಿಗಳ ಪಾಲಿಗೆ ಕೋಲ್ಕತ್ತದ ಸರ್ವೇಕ್ಷಣಾಲಯ ಅಂಥ ಭಂಡಾರ. ಕಾಲೇಜಿನ ಬೀರು ಎಷ್ಟೇ ಅಚ್ಚುಕಟ್ಟಾಗಿದ್ದರೂ ಮುಖ್ಯ ಮಾದರಿಗೆ ತಕ್ಕ ಜಾಗವಲ್ಲ. ವಿದೇಶದ ತಜ್ಞರಿಗೆ ಮಾದರಿ ಕಳಿಸುವ ಮುನ್ನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ನಿಯಮಗಳನ್ನೂ ನೋಡಿಕೊಳ್ಳಿ.

ಎಲ್ಲರಿಗೂ ಪ್ರೀತಿಯ ಕೆಲಸ ಹೆಸರಿಡುವುದು, ಆದರೆ ಅದು ಬರುವುದು ಇಷ್ಟೆಲ್ಲ ಆದ ಮೇಲೆ. ಕುಲದ ಹೆಸರು ಒಂದೇ ಪದವಾಗಿ, ಏಕವಚನದ ನಾಮಪದವಾಗಿ, ದೊಡ್ಡ ಅಕ್ಷರದಿಂದ ಆರಂಭವಾಗಬೇಕು; ಕನಿಷ್ಠ ಎರಡು ಅಕ್ಷರಗಳಿರಬೇಕು. ಅಕ್ಷರಗಳ ಮೇಲೆ ಕೆಳಗೆ ಗೆರೆ ಚುಕ್ಕಿಗಳನ್ನು ಇಡುವ ಹಾಗಿಲ್ಲ. ಕನ್ನಡ ಪದವನ್ನು ಬಳಸಬೇಕೆನ್ನುವವರಿಗೆ ತೊಡಕು ಇಲ್ಲಿಂದಲೇ ಶುರು. ಳಕಾರ ಲಕಾರವಾಗುತ್ತದೆ, ದೀರ್ಘ ಹ್ರಸ್ವವಾಗುತ್ತದೆ. ಮಳೆಗಾಲದಲ್ಲಿ ಸಿಕ್ಕ ಹುಳುವಿಗೆ ‘ಮಳೆ’ ಎಂದು ಹೆಸರಿಡಹೊರಟರೆ ಅದೇ ಕಾಗುಣಿತದಲ್ಲಿ ‘ಮಾಲೆ’ಯೂ ನಿಲ್ಲುತ್ತದೆ, ಇಂಗ್ಲಿಷ್ ಬಲ್ಲವನು ಅದನ್ನು ‘ಮೇಲ್’ ಎಂದು ಓದಿ ಗಂಡು ಎಂದು ತಿಳಿಯುತ್ತಾನೆ. ಬರೆದ ಹೆಸರನ್ನು ನಾಲ್ಕು ಜನ ಬೇರೆ ಭಾಷೆಯವರಿಂದ ಗಟ್ಟಿಯಾಗಿ ಓದಿಸಿ ನೋಡಿ.

ಲಿಂಗದ ಪ್ರಶ್ನೆಯೂ ಇದೆ. ಕನ್ನಡದಲ್ಲಿ ಬಸವನಹುಳು, ಚಿಪ್ಪು, ಶಂಖ ಎಲ್ಲವೂ ನಪುಂಸಕಲಿಂಗವೇ. ಲ್ಯಾಟಿನ್ನಿನಲ್ಲಿ ಪ್ರತಿ ಕುಲದ ಹೆಸರಿಗೂ ಒಂದು ಲಿಂಗವಿದ್ದು, ಪ್ರಭೇದದ ಹೆಸರು ವಿಶೇಷಣವಾಗಿದ್ದರೆ ಅದು ಕುಲದ ಲಿಂಗವನ್ನೇ ಅನುಸರಿಸಬೇಕು. ‘ಬಿಳಿಯ’ ಎಂಬುದು ಕುಲಕ್ಕೆ ತಕ್ಕಂತೆ ಆಲ್ಬಸ್, ಆಲ್ಬಾ, ಆಲ್ಬಮ್ ಎಂದು ರೂಪ ಬದಲಿಸುತ್ತದೆ. ಪ್ರಭೇದದ ಹೆಸರು ನಾಮಪದವಾಗಿದ್ದರೆ ಬದಲಾಗುವುದಿಲ್ಲ. ನಮ್ಮ ಪೂಜೆಯ ಶಂಖವನ್ನು ಲಿನೇಯಸ್ 1767ರಲ್ಲಿ ವೊಲ್ಯೂಟಾ ಪೈರಮ್ ಎಂದ. ಅದೇ ಪ್ರಭೇದ ಲಾಮಾರ್ಕ್ 1799ರಲ್ಲಿ ಕಟ್ಟಿದ ಟರ್ಬಿನೆಲ್ಲಾ ಕುಲದ ಮಾದರಿಯಾಯಿತು. ಟರ್ಬಿನೆಲ್ಲಾ ಸ್ತ್ರೀಲಿಂಗವಾದರೂ ಪೈರಮ್ ಎಂದರೆ ಪೇರುಹಣ್ಣು, ನಾಮಪದ, ಹಾಗಾಗಿ ಅದು ಹಾಗೆಯೇ ಉಳಿಯಿತು. (ಇದು ನಾವು ಧಾರವಾಡದಲ್ಲಿ ಪೇರಲ ಎನ್ನುವ ಹಣ್ಣಲ್ಲ, ಬಳ್ಳದಂತೆ ಕೆಳಗೆ ದುಂಡಾಗಿ ಮೇಲೆ ಕಿರಿದಾಗುವ ಪೇರ್ ಹಣ್ಣು, ಶಂಖ ನೋಡಿದರೆ ಹೋಲಿಕೆ ಹೊಳೆಯುತ್ತದೆ.) ಗ್ರೀಕ್ ಲ್ಯಾಟಿನ್ನಿಗೆ ಸೇರದ ಹೆಸರಿಟ್ಟರೆ ಅದರ ಲಿಂಗವನ್ನು ನೀವೇ ಪ್ರಬಂಧದಲ್ಲಿ ಹೇಳಿಬಿಡಿ. ಹೇಳದಿದ್ದರೆ ಸಂಹಿತೆ ಅದನ್ನು ಪುಲ್ಲಿಂಗವೆಂದು ಎಣಿಸುತ್ತದೆ, ‘ಅ’ ಕೊನೆಗಿದ್ದರೆ ಸ್ತ್ರೀಲಿಂಗ, ‘ಉ’ ಕೊನೆಗಿದ್ದರೆ ನಪುಂಸಕ. ‘ಚಿಪ್ಪು’ ಎಂದು ಹೆಸರಿಟ್ಟು ಸುಮ್ಮನಿದ್ದರೆ ಅದು ಅಲ್ಲಿಯೂ ನಪುಂಸಕವಾಗಿಯೇ ಉಳಿಯುತ್ತದೆ. ‘ಶಂಖ’ ಎಂದರೆ ಹೆಣ್ಣಾಗಿಬಿಡುತ್ತದೆ.

ಕುಲದ ಹೆಸರು ಇಡೀ ಪ್ರಾಣಿಸಾಮ್ರಾಜ್ಯದಲ್ಲಿ ಒಂದೇ ಇರಬೇಕು. ಗಿಡಗಳ ಹೆಸರಿನೊಂದಿಗೆ ಒಂದಾದರೆ ತೊಂದರೆಯಿಲ್ಲ, ಅವುಗಳ ಸಂಹಿತೆಯೇ ಬೇರೆ. ಒಂದು ಅಕ್ಷರ ಬೇರೆಯಿದ್ದರೂ ಕಾನೂನಿಗೆ ಸಾಕು, ಓದುಗರ ಕಣ್ಣಿಗೆ ಮಾತ್ರ ಸಾಲದು. ನಾವೊಮ್ಮೆ ಚಿಪ್ಪುಗಳ ಪಟ್ಟಿಯನ್ನಷ್ಟೇ ನೋಡಿ ಹೆಸರೊಂದನ್ನು ಒಪ್ಪಿಕೊಂಡು, ಚಿತ್ರಗಳ ಮೇಲೆಲ್ಲ ಅದನ್ನೇ ಅಚ್ಚು ಹಾಕಿಸಿ, ಕಳಿಸುವ ಹಿಂದಿನ ರಾತ್ರಿ ಸುಮ್ಮನೆ ಕುತೂಹಲಕ್ಕೆಂದು ಪ್ರಾಣಿಕುಲಗಳ ಹೆಸರುಗಳ ಪಟ್ಟಿಯಾದ ನಾಮೆನ್ಕ್ಲೇಟರ್ ಜೂಲಾಜಿಕಸ್ ತೆರೆದರೆ, ಆ ಹೆಸರು ಹಿಂದಿನ ಶತಮಾನದಲ್ಲೇ ಒಂದು ಪತಂಗಕ್ಕೆ ಸಂದಿತ್ತು. ಚಿತ್ರಪಟಗಳನ್ನು ಮತ್ತೆ ಮಾಡಲು ಎರಡು ವಾರ ಹಿಡಿಯಿತು. ಹೆಸರು ಹೊಳೆದ ದಿನವೇ ನಾಮೆನ್ಕ್ಲೇಟರ್ ನೋಡಿ. ತಮ್ಮ ಹೆಸರನ್ನು ತಾವೇ ಇಟ್ಟುಕೊಳ್ಳುವುದು ಸಲ್ಲದ ನಡತೆ ಎಂಬುದು ಬಲ್ಲವರ ರೂಢಿ. ಯಾರಿಗೂ ನೋವಾಗುವ ಹೆಸರು ಬೇಡ ಎಂದು ಸಂಹಿತೆಯೇ ಹೇಳುತ್ತದೆ.

ಪ್ರಕಟಣೆಯಾಗುವವರೆಗೆ ಹೆಸರನ್ನು ಗುಟ್ಟಾಗಿಡಿ. ಸಮ್ಮೇಳನದ ಸಾರಾಂಶಕ್ಕೆ, ಭಿತ್ತಿಚಿತ್ರಕ್ಕೆ, ವಾಟ್ಸಾಪಿಗೆ ಅದನ್ನು ಹಾಕಬೇಡಿ. ಅಲ್ಲಿ ಹಾಕಿದ ಹೆಸರಿಗೆ ಕಾನೂನಿನ ಬಲವೂ ಬರುವುದಿಲ್ಲ, ಗೊಂದಲ ಮಾತ್ರ ಉಳಿಯುತ್ತದೆ. ಪ್ರಬಂಧದಲ್ಲಿ ‘ಹೊಸ ಕುಲ’ ಎಂದು ಸ್ಪಷ್ಟವಾಗಿ ಬರೆದಿರಬೇಕು, 1999ರ ನಂತರ ಇದು ಕಡ್ಡಾಯ. ಅಚ್ಚಿಲ್ಲದೆ ಜಾಲದಲ್ಲಿ ಮಾತ್ರ ಬರುವ ಪತ್ರಿಕೆಯಾದರೆ ಆ ಬರಹವನ್ನು ಪ್ರಕಟಣೆಗೆ ಮುಂಚೆಯೇ ಜೂಬ್ಯಾಂಕ್ ಎಂಬ ಪ್ರಾಣಿಹೆಸರುಗಳ ನೋಂದಣಿ ತಾಣದಲ್ಲಿ ನೋಂದಾಯಿಸಿ, ನೋಂದಣಿಯ ಗುರುತನ್ನು ಬರಹದೊಳಗೇ ಅಚ್ಚುಮಾಡಬೇಕು. 2012ರಿಂದ ಬಂದ ಈ ನಿಯಮ ತಪ್ಪಿದರೆ ಇಡೀ ಕೆಲಸ ಕಾನೂನಿನ ಕಣ್ಣಿಗೆ ಪ್ರಕಟವಾಗಿಯೇ ಇಲ್ಲ. ಹಣ ಕೇಳಿ ವಾರದಲ್ಲಿ ಅಚ್ಚು ಹಾಕುವ ಪತ್ರಿಕೆಗಳ ಮಿಂಚಂಚೆಗಳು ದಿನಾ ಬರುತ್ತವೆ, ಅವನ್ನು ಅಳಿಸಿಹಾಕಿ. ಯುರೋಪಿಯನ್ ಜರ್ನಲ್ ಆಫ್ ಟ್ಯಾಕ್ಸಾನಮಿ ಲೇಖಕರಿಂದಲೂ ಓದುಗರಿಂದಲೂ ಹಣ ತೆಗೆದುಕೊಳ್ಳುವುದಿಲ್ಲ. ಝೂಟ್ಯಾಕ್ಸಾ ಪತ್ರಿಕೆಯಲ್ಲಿಯೂ ಲೇಖನವನ್ನು ಎಲ್ಲರಿಗೂ ಮುಕ್ತವಾಗಿಡಲು ಬಯಸದಿದ್ದರೆ ಹಣ ಕಟ್ಟಬೇಕಿಲ್ಲ.

ಅಚ್ಚಾದ ಮೇಲೆ ಒಂದು ಪ್ರತಿಯನ್ನು ಮಾದರಿ ಇಟ್ಟ ಸಂಗ್ರಹಾಲಯಕ್ಕೆ, ಒಂದನ್ನು ಮೊಲಸ್ಕಾಬೇಸಿನ ಸಂಪಾದಕರಿಗೆ ಕಳಿಸಿ, ಕಾಲೇಜಿನ ಡಬ್ಬಿಗಳ ಮೇಲಿನ ಚೀಟಿಗಳಲ್ಲಿ ಹೊಸ ಹೆಸರು ಬರೆಯಿಸಿ. ಹಳೆಯ ಚೀಟಿಯನ್ನು ಕಿತ್ತು ಬಿಸಾಡದೆ ಅದರ ಹಿಂದೆಯೇ ಇರಲಿ. ಪ್ರಬಂಧದಲ್ಲಿ ಕೊಡುವ ಮಿಂಚಂಚೆ ವಿಳಾಸ ಹತ್ತು ವರ್ಷದ ಮೇಲೂ ನೀವು ತೆರೆದು ನೋಡುವಂಥದ್ದಾಗಿರಲಿ, ವಿದ್ಯಾರ್ಥಿ ಕಾಲದ ಕಾಲೇಜು ವಿಳಾಸ ಬೇಡ. ಏಕೆಂದರೆ ನಿಮ್ಮ ಹೆಸರು ಮೊದಲೇ ಯಾವುದೋ ಜೀರುಂಡೆಗೆ ಸಂದಿದೆ ಎಂದು ಮುಂದೊಂದು ದಿನ ಯಾರಾದರೂ ಕಂಡುಹಿಡಿದರೆ, ಬದಲಿ ಹೆಸರನ್ನು ತಾವೇ ಇಟ್ಟುಬಿಡದೆ ಮೊದಲು ನಿಮಗೆ ತಿಳಿಸಿ ಕನಿಷ್ಠ ಒಂದು ವರ್ಷ ಕಾಯಬೇಕೆಂದು ಸಂಹಿತೆಯ ನೀತಿಸೂತ್ರ ಹೇಳುತ್ತದೆ, ಮತ್ತು ಆ ಪತ್ರ ಬರುವುದು ಆ ವಿಳಾಸಕ್ಕೇ.